ಆಕಾಶದಿಂದ ಇಳಿಯುವ ಮಾದರಿ ಸಂಗ್ರಹ ಉಪಕರಣಗಳು: ಅವುಗಳ ಪರೀಕ್ಷೆ ಮತ್ತು ಕಮಲನಗರ ಭಾಗದ ಸಾರ್ವಜನಿಕರು

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ 2025ರ ಜನವರಿ 18ರಂದು ಬೃಹತ್ ಬಲೂನೊಂದು ಉಪಕರಣ ಸಮೇತ ಮನೆಯೊಂದರ ಮೇಲೆ ಬಿದ್ದ ಸಂಗತಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಶಾಸನ ಬರೆಯುವ ಶಿಲಾಬಾಲಿಕೆಯ ಶಿಲ್ಪಕ್ಕೆ ಹೆಸರಾದ ಆ ಗ್ರಾಮದಲ್ಲಿ ಅಂದು ಕೆಲಕಾಲ ಆತಂಕ ಉಂಟಾಯಿತು. ಉಪಕರಣದ ಜೊತೆಗಿದ್ದ ಪತ್ರದಿಂದ ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಹೈದರಾಬಾದಿನಿಂದ ಹಾರಿಬಿಟ್ಟ ಸಂಶೋಧನಾ ಬಲೂನು ಎಂಬುದು ತಿಳಿದುಬಂದಿತು. ಈ ಘಟನೆಯ ನಂತರ ಕಮಲನಗರ, ಔರಾದ್ ಮತ್ತು ಭಾಲ್ಕಿ ತಾಲ್ಲೂಕುಗಳ ಸಾರ್ವಜನಿಕರಲ್ಲಿ ಸಹಜವಾಗಿ ಮೂಡಬಹುದಾದ ಪ್ರಶ್ನೆಗಳು ಎರಡು. ಇಂತಹ ಉಪಕರಣವನ್ನು ಮೇಲಕ್ಕೆ ಕಳುಹಿಸುವ ಮೊದಲು ಸಾಕಷ್ಟು ಪರೀಕ್ಷಿಸಲಾಗುತ್ತದೆಯೇ? ಅದು ತಮ್ಮ ಹೊಲದಲ್ಲಿ ಇಳಿದರೆ ಮಾಡಬೇಕಾದುದೇನು? ಎರಡನೆಯ ಪ್ರಶ್ನೆಗೆ ಉತ್ತರವು ಮೊದಲನೆಯದರಲ್ಲಿಯೇ ಅಡಗಿರುವುದರಿಂದ ಪರೀಕ್ಷೆಗಳ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ಬಲೂನು ಮತ್ತು ರಾಕೆಟ್

ವಾಯುಮಂಡಲದ ಮೇಲ್ಪದರಗಳಿಂದ ಗಾಳಿ, ಧೂಳು ಅಥವಾ ಸೂಕ್ಷ್ಮಜೀವಿಗಳ ಮಾದರಿಯನ್ನು ತರಲು ಎರಡು ವಾಹನಗಳಿವೆ. ಸುಮಾರು 42 ಕಿ.ಮೀ. ಎತ್ತರದವರೆಗೆ ಬಲೂನು ಸಾಕು. ಅದು ಗಂಟೆಗಟ್ಟಲೆ ಒಂದೇ ಎತ್ತರದಲ್ಲಿ ತೇಲಬಲ್ಲದು. ಅದಕ್ಕೂ ಬಹಳ ಮೇಲೆ ಬಲೂನನ್ನು ಎತ್ತಿ ಹಿಡಿಯುವಷ್ಟು ಗಾಳಿ ಇರುವುದಿಲ್ಲವಾದ್ದರಿಂದ ರಾಕೆಟ್ಟನ್ನು ಅವಲಂಬಿಸಬೇಕಾಗುತ್ತದೆ. 1962ರ ಆಗಸ್ಟ್ ತಿಂಗಳಿನಲ್ಲಿ ಸ್ವೀಡನ್ ದೇಶದ ಕ್ರೋನೋಗಾರ್ಡ್ ಎಂಬಲ್ಲಿಂದ ರಾಕೆಟ್ಟುಗಳನ್ನು ಹಾರಿಸಿ, ಸುಮಾರು 80 ಕಿ.ಮೀ. ಎತ್ತರದಲ್ಲಿ ರಾತ್ರಿ ಹೊಳೆಯುವ ಮೋಡಗಳ ಕಣಗಳನ್ನು ಸಂಗ್ರಹಿಸಿ ಪ್ಯಾರಾಚೂಟಿನ ಮೂಲಕ ಇಳಿಸಿಕೊಳ್ಳಲಾಯಿತು. ರಾಕೆಟ್ಟು ಆ ಪದರವನ್ನು ದಾಟಿಹೋಗುವುದು ಕೆಲವೇ ಸೆಕೆಂಡುಗಳಲ್ಲಿ. ಆದುದರಿಂದ ಸಂಗ್ರಾಹಕದ ಮುಚ್ಚಳ ನಿಗದಿತ ಕ್ಷಣದಲ್ಲಿ ತೆರೆದು, ನಿಗದಿತ ಕ್ಷಣದಲ್ಲಿ ಮುಚ್ಚಿಕೊಳ್ಳಬೇಕು. ಬಲೂನಿಗೆ ಅಷ್ಟು ಅವಸರವಿಲ್ಲ. ಆದರೆ ನೆಲಕ್ಕೆ ಮರಳುವ ವಿಧಾನದಲ್ಲಿ ಇವೆರಡರ ಸಮಸ್ಯೆ ಒಂದೇ.

ಭಾರತದಲ್ಲಿ ಈ ಬಗೆಯ ಸಂಗ್ರಹಕ್ಕೆ ಅತ್ಯಂತ ಪ್ರಸಿದ್ಧವಾದ ನಿದರ್ಶನವು ಹೈದರಾಬಾದಿನ ರಾಷ್ಟ್ರೀಯ ಬಲೂನು ಕೇಂದ್ರದ್ದೇ ಆಗಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) 2001ರಲ್ಲಿ ನಡೆಸಿದ ಪ್ರಯೋಗದ ಮುಂದುವರಿಕೆಯಾಗಿ 2005ರ ಏಪ್ರಿಲ್ ತಿಂಗಳಿನಲ್ಲಿ, 267 ಲಕ್ಷ ಘನ ಅಡಿ ಗಾತ್ರದ ಬಲೂನಿನಲ್ಲಿ 459 ಕಿಲೋಗ್ರಾಂ ತೂಕದ ವೈಜ್ಞಾನಿಕ ಉಪಕರಣವನ್ನು ಮೇಲಕ್ಕೆ ಕಳುಹಿಸಲಾಯಿತು. ಅದರಲ್ಲಿ ಒಳಗಿನ ಗಾಳಿಯನ್ನು ಪೂರ್ಣವಾಗಿ ತೆಗೆದು ಕ್ರಿಮಿಶುದ್ಧಿ ಮಾಡಿದ 16 ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳಿದ್ದವು. ಅವುಗಳನ್ನು 38 ಕಿಲೋಗ್ರಾಂ ದ್ರವರೂಪದ ನಿಯಾನ್ ಅನಿಲದಲ್ಲಿ ಮುಳುಗಿಸಿ ಇಡಲಾಗಿತ್ತು. ದ್ರವ ನಿಯಾನ್ ಶೂನ್ಯಕ್ಕಿಂತ ಸುಮಾರು 246 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತವುಳ್ಳದ್ದು. ಆ ಶೀತಕ್ಕೆ ಒಳಬಂದ ಗಾಳಿ ಹೆಪ್ಪುಗಟ್ಟುವುದರಿಂದ ಕೊಳವೆಯು ತಾನೇ ಪಂಪಿನಂತೆ ಹೊರಗಿನ ವಿರಳ ಗಾಳಿಯನ್ನು ಎಳೆದುಕೊಳ್ಳುತ್ತದೆ. 20 ಕಿ.ಮೀ.ಯಿಂದ 41 ಕಿ.ಮೀ.ವರೆಗಿನ ವಿವಿಧ ಎತ್ತರಗಳಲ್ಲಿ ಮಾದರಿ ಸಂಗ್ರಹಿಸಿದ ಕೊಳವೆಗಳು ಪ್ಯಾರಾಚೂಟಿನಲ್ಲಿ ಕೆಳಗಿಳಿದು ಸುರಕ್ಷಿತವಾಗಿ ದೊರೆತವು. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ ಹಾಗೂ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರಗಳಲ್ಲಿ ನಡೆದ ಪರಿಶೀಲನೆಯಲ್ಲಿ 12 ಬ್ಯಾಕ್ಟೀರಿಯಾ ಮತ್ತು 6 ಶಿಲೀಂಧ್ರ ಸಮೂಹಗಳು ಕಂಡುಬಂದವು. ಇವುಗಳ ಪೈಕಿ ಮೂರು ಬ್ಯಾಕ್ಟೀರಿಯಾಗಳು ಹೊಸ ಪ್ರಭೇದಗಳೆಂದು 2009ರ ಮಾರ್ಚ್ ತಿಂಗಳಿನಲ್ಲಿ ಪ್ರಕಟಿಸಲಾಯಿತು. ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, ಇಸ್ರೋ ಸಂಸ್ಥೆ ಮತ್ತು ಆರ್ಯಭಟ ಇವರ ನೆನಪಿನಲ್ಲಿ ಅವುಗಳಿಗೆ ಹೆಸರಿಡಲಾಗಿದೆ. ಪ್ರಯೋಗದ ಪ್ರಧಾನ ಸಂಶೋಧಕರು ಜಯಂತ್ ನಾರ್ಳಿಕರ್ ಅವರಾಗಿದ್ದು, ಉಡುಪಿ ಜಿಲ್ಲೆಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ಅವರ ಮಾರ್ಗದರ್ಶನ ಇದಕ್ಕೆ ದೊರೆತಿತ್ತು.

ಈ ಜೀವಿಗಳು ಭೂಮಿಯ ಹೊರಗಿನಿಂದ ಬಂದವು ಎಂಬುದನ್ನು ಪ್ರಯೋಗವು ನಿಸ್ಸಂದೇಹವಾಗಿ ಸಿದ್ಧಪಡಿಸಿಲ್ಲವೆಂದು ಇಸ್ರೋ ಸಂಸ್ಥೆಯೇ ಅಂದು ಸ್ಪಷ್ಟಪಡಿಸಿತ್ತು. ಅವು ವಾಯುಮಂಡಲದ ಮೇಲ್ಪದರದಿಂದಲೇ ದೊರೆತವು ಎಂಬುದಕ್ಕೆ ಆಧಾರವಾಗಿದ್ದುದು ಪ್ರಯೋಗದಲ್ಲಿ ವಹಿಸಲಾಗಿದ್ದ ಮುನ್ನೆಚ್ಚರಿಕೆಗಳು. ಕೊಳವೆಯ ಮುಚ್ಚಳವು ಮೇಲೇರುವಾಗಲಾಗಲಿ, ಇಳಿಯುವಾಗಲಾಗಲಿ, ನೆಲಕ್ಕೆ ಬಡಿದ ಮೇಲಾಗಲಿ ಕೂದಲೆಳೆಯಷ್ಟು ಸಡಿಲಗೊಂಡಿದ್ದರೂ ನೆಲದ ಧೂಳಿನ ಬ್ಯಾಕ್ಟೀರಿಯಾ ಒಳಸೇರಿ ಇಡೀ ಶ್ರಮ ವ್ಯರ್ಥವಾಗುತ್ತಿತ್ತು. ಆದುದರಿಂದ ಮಾದರಿ ಸಂಗ್ರಹ ಉಪಕರಣದ ಪರೀಕ್ಷೆಯು ಬೇರೆ ಯಂತ್ರಗಳ ಪರೀಕ್ಷೆಯಂತಲ್ಲ. ಕ್ಯಾಮರಾ ಬಿದ್ದ ಮೇಲೆ ಒಡೆದರೂ ಅದು ಅದಾಗಲೇ ಕಳುಹಿಸಿದ ಚಿತ್ರ ಉಳಿಯುತ್ತದೆ. ಸಂಗ್ರಾಹಕದ ಫಲಿತಾಂಶವಾದರೋ ಅದರ ಹೊಟ್ಟೆಯೊಳಗೇ ಇರುತ್ತದೆ.

ಪರಿಸರ ಪರೀಕ್ಷೆಗಳು

ಇಲ್ಲಿ ಪರಿಸರ ಎಂದರೆ ಕಾಡು, ಕೆರೆಗಳಿಗೆ ಸಂಬಂಧಿಸಿದ ವಿಷಯವಲ್ಲ. ಉಪಕರಣವು ಹಾರಾಟದಲ್ಲಿ ಎದುರಿಸಲಿರುವ ಶೀತ, ಶಾಖ, ಒತ್ತಡ ಮತ್ತು ಕಂಪನಗಳನ್ನು ನೆಲದ ಮೇಲೆಯೇ ಕೃತಕವಾಗಿ ಉಂಟುಮಾಡಿ ನೋಡುವುದಕ್ಕೆ ಪರಿಸರ ಪರೀಕ್ಷೆ ಎನ್ನಲಾಗುತ್ತದೆ. ಕರ್ನಾಟಕದಲ್ಲಿ ಇಂತಹ ಸೌಲಭ್ಯವು ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಇಸ್ರೋ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರದಲ್ಲಿದೆ. ಉಪಗ್ರಹಗಳನ್ನು ಅಲ್ಲಿನ ನಿರ್ವಾತ ಕೊಠಡಿಯಲ್ಲಿಟ್ಟು ಕಾಯಿಸಿ, ತಣಿಸಿ, ಕಂಪನ ಯಂತ್ರದ ಮೇಲೆ ಅಲುಗಾಡಿಸಿ ನೋಡಲಾಗುತ್ತದೆ.

ಹೈದರಾಬಾದ್ ಮತ್ತು ಬೀದರ್ ಪ್ರದೇಶದ ಆಕಾಶಕ್ಕೆ ತನ್ನದೇ ಆದ ಕಷ್ಟವೊಂದಿದೆ. ಉಷ್ಣವಲಯದಲ್ಲಿ ನೆಲ ಬಿಸಿಯಾಗಿರುವುದರಿಂದ ಮೇಲಿನ ಗಾಳಿಯೂ ಬೆಚ್ಚಗಿರಬಹುದೆಂದು ಭಾವಿಸುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಸುಮಾರು 16ರಿಂದ 17 ಕಿ.ಮೀ. ಎತ್ತರದಲ್ಲಿ ಇಲ್ಲಿನ ಗಾಳಿ ಶೂನ್ಯಕ್ಕಿಂತ 80 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುತ್ತದೆ. ಯೂರೋಪಿನ ಆಕಾಶದಲ್ಲಿ ಸಾಮಾನ್ಯವಾಗಿ ಇಷ್ಟು ಶೀತವಿರುವುದಿಲ್ಲ. ಈ ಪದರವನ್ನು ದಾಟುವಾಗ ಸಾಧಾರಣ ಪಾಲಿಥೀನ್ ಹಾಳೆ ಗಾಜಿನಂತೆ ಪೆಡಸಾಗಿ ಸೀಳುತ್ತದೆ, ರಬ್ಬರಿನ ಸೀಲುಗಳು ಗಟ್ಟಿಯಾಗಿ ಬಿಗಿತ ಕಳೆದುಕೊಳ್ಳುತ್ತವೆ. ಹೀಗಾಗಿ ಇಲ್ಲಿ ಹಾರಿಸುವ ಬಲೂನಿನ ಹಾಳೆಯನ್ನು ವಿಶೇಷವಾಗಿ ತಯಾರಿಸಬೇಕಾಗುತ್ತದೆ.

ಒತ್ತಡದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. 30 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಮಟ್ಟದ ಸುಮಾರು ನೂರರಲ್ಲಿ ಒಂದು ಭಾಗ, 40 ಕಿ.ಮೀ.ಯಲ್ಲಿ ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಇಂತಹ ವಿರಳ ಗಾಳಿ ಶಾಖವನ್ನು ಹೊತ್ತೊಯ್ಯುವುದಿಲ್ಲ. ಹೊರಗೆ ಕಡುಶೀತವಿದ್ದರೂ ಬಿಸಿಲು ಬಿದ್ದ ಪೆಟ್ಟಿಗೆಯೊಳಗಿನ ವಿದ್ಯುನ್ಮಾನ ಭಾಗಗಳು ಕಾದು ಕೆಡಬಹುದು. ಅಲ್ಲದೆ, ಪೂರ್ಣ ಗಾಳಿಯೂ ಅಲ್ಲದ ಪೂರ್ಣ ನಿರ್ವಾತವೂ ಅಲ್ಲದ ಈ ಸ್ಥಿತಿಯಲ್ಲಿ ಹೆಚ್ಚಿನ ವೋಲ್ಟೇಜಿನ ತಂತಿಗಳ ನಡುವೆ ಕಿಡಿ ಹಾರುವ ಅಪಾಯವು ನೆಲದಲ್ಲಿರುವುದಕ್ಕಿಂತಲೂ ಅಧಿಕ. ನೆಲದ ಮೇಲೆ ಸರಿಯಾಗಿ ಕೆಲಸ ಮಾಡಿದ ಉಪಕರಣವು ಮೇಲೆ ಹೋಗಿ ಸುಟ್ಟುಹೋಗುವುದಕ್ಕೆ ಇದೂ ಒಂದು ಕಾರಣ. ನಿರ್ವಾತ ಕೊಠಡಿಯಲ್ಲಿ ಒತ್ತಡವನ್ನು ಹಂತಹಂತವಾಗಿ ಇಳಿಸುತ್ತಾ, ಯಂತ್ರವನ್ನು ಚಾಲನೆಯಲ್ಲಿಟ್ಟೇ ಗಮನಿಸದ ಹೊರತು ಈ ದೋಷ ಪತ್ತೆಯಾಗುವುದಿಲ್ಲ.

ರಾಕೆಟ್ಟಿನಲ್ಲಿ ಹೋಗುವ ಸಂಗ್ರಾಹಕಕ್ಕೆ ಇವುಗಳ ಜೊತೆಗೆ ಉಡಾವಣೆಯ ತೀವ್ರ ಕಂಪನ, ಎಂಜಿನ್ನಿನ ಶಬ್ದದ ಹೊಡೆತ ಮತ್ತು ಹಂತಗಳು ಬೇರ್ಪಡುವಾಗಿನ ಜರ್ಕುಗಳೂ ಸೇರುತ್ತವೆ. ಬಲೂನಿನದು ಮೆಲ್ಲನೆಯ ಏರಿಕೆ. ಆದರೆ ಅದಕ್ಕೂ ಒಂದು ದೊಡ್ಡ ಜಗ್ಗಾಟ ಕಾದಿರುತ್ತದೆ. ಬಲೂನಿನಿಂದ ಪ್ಯಾರಾಚೂಟನ್ನು ಬೇರ್ಪಡಿಸಿದ ಕೂಡಲೇ ಪೆಟ್ಟಿಗೆಯು ವಿರಳ ಗಾಳಿಯಲ್ಲಿ ತಡೆಯಿಲ್ಲದೆ ಬೀಳುತ್ತದೆ. ನಂತರ ಪ್ಯಾರಾಚೂಟ್ ತೆರೆದುಕೊಂಡಾಗ ಒಮ್ಮೆಲೇ ಎಳೆಯಲ್ಪಡುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಬಲೂನು ಉಪಕರಣಗಳ ಚೌಕಟ್ಟು ತನ್ನ ತೂಕದ ಹತ್ತು ಪಟ್ಟು ಭಾರವನ್ನು ಲಂಬ ದಿಕ್ಕಿನಲ್ಲಿ ತಾಳಬೇಕೆಂಬ ನಿಯಮವಿರುವುದು ಈ ಜಗ್ಗಾಟದ ಕಾರಣದಿಂದಲೇ.

ಆಘಾತ ಪರೀಕ್ಷೆ

ನೆಲಕ್ಕೆ ತಗಲುವ ಕ್ಷಣದ ಲೆಕ್ಕ ಸರಳವಾಗಿದೆ. ಪ್ಯಾರಾಚೂಟಿಗೆ ತೂಗಿಬಿದ್ದ ಪೆಟ್ಟಿಗೆಯು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯುತ್ತದೆ ಎಂದು ಇಟ್ಟುಕೊಂಡರೆ, ಅದು ಸುಮಾರು 1.8 ಮೀಟರ್ ಎತ್ತರದಿಂದ, ಅಂದರೆ ಆಳೆತ್ತರದಿಂದ ಕೈಬಿಟ್ಟ ವಸ್ತುವಿನ ವೇಗಕ್ಕೆ ಸಮ. ಹೀಗಾಗಿ ಆಘಾತ ಪರೀಕ್ಷೆಗೆ ವಿಮಾನವಾಗಲಿ ಗೋಪುರವಾಗಲಿ ಬೇಕಿಲ್ಲ. ಕ್ರೇನಿಗೆ ತೂಗುಹಾಕಿ ಬಿಡುವುದರಿಂದಲೇ ಬಹುಮಟ್ಟಿಗೆ ಫಲಿತಾಂಶ ದೊರೆಯುತ್ತದೆ. ನಿರ್ಣಾಯಕವಾದುದು ಪೆಟ್ಟಿಗೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು. ಅಡಿಯಲ್ಲಿ ಜೇನುಗೂಡಿನಂತಹ ರಟ್ಟಿನ ದಿಂಬುಗಳಿದ್ದು ಅವು 10 ಸೆಂಟಿಮೀಟರಿನಷ್ಟು ಕುಸಿದರೆ ಒಳಗಿನ ಉಪಕರಣಕ್ಕೆ ಬೀಳುವ ಹೊಡೆತ ಗುರುತ್ವಾಕರ್ಷಣೆಯ ಸುಮಾರು 18 ಪಟ್ಟು. ದಿಂಬಿಲ್ಲದೆ ಗಟ್ಟಿ ನೆಲದ ಮೇಲೆ 1 ಸೆಂಟಿಮೀಟರಿನಲ್ಲಿ ನಿಂತರೆ ಅದೇ ಹೊಡೆತ 180 ಪಟ್ಟು ಆಗುತ್ತದೆ.

ನೆಲದ ಗುಣವೂ ಇಲ್ಲಿ ಮುಖ್ಯವಾಗುತ್ತದೆ. ಬೀದರ್ ನಗರವಿರುವ ಪ್ರಸ್ಥಭೂಮಿ ಗಟ್ಟಿಯಾದ ಕೆಂಪು ಜಂಬಿಟ್ಟಿಗೆಯದು. ಭಾಲ್ಕಿ, ಔರಾದ್ ಮತ್ತು ಕಮಲನಗರ ಕಡೆ ಎರೆ ಭೂಮಿ ಹೆಚ್ಚು. ಮಳೆಗಾಲ ಮುಗಿದ ಹೊಸತರಲ್ಲಿ ಹತ್ತಿಯಂತೆ ಕುಸಿಯುವ ಈ ಮಣ್ಣು, ಬೇಸಿಗೆಯ ಹೊತ್ತಿಗೆ ಕಲ್ಲಿನಂತಾಗಿ ಬಿರುಕು ಬಿಡುತ್ತದೆ. ಜೊತೆಗೆ, ಇಳಿದ ಮೇಲೂ ಪ್ಯಾರಾಚೂಟಿನಲ್ಲಿ ಗಾಳಿ ತುಂಬಿದ್ದರೆ ಅದು ಪೆಟ್ಟಿಗೆಯನ್ನು ಹೊಲದುದ್ದಕ್ಕೂ ಎಳೆದೊಯ್ಯಬಹುದು. ಮಂಜ್ರಾ ನದಿಯ ದಂಡೆಯ ಕಬ್ಬಿನ ಗದ್ದೆಯಲ್ಲಿ, ಮನೆಯ ಮಾಳಿಗೆಯ ಮೇಲೆ ಅಥವಾ ವಿದ್ಯುತ್ ತಂತಿಯ ಮೇಲೆ ಇಳಿಯುವುದನ್ನು ಯಾವ ಪರೀಕ್ಷಾ ಕೊಠಡಿಯೂ ಪೂರ್ಣವಾಗಿ ಅನುಕರಿಸಲಾರದು. ಆದುದರಿಂದ ಬೀಳಿಸಿದ ನಂತರ ಸಂಗ್ರಾಹಕವು ಒಡೆದಿದೆಯೇ ಎಂದು ನೋಡಿದರೆ ಸಾಲದು. ಮುಚ್ಚಳದ ಸೀಲು ಸೋರುತ್ತಿದೆಯೇ ಎಂಬುದನ್ನು ಹೀಲಿಯಂ ಅನಿಲ ಬಳಸಿ ಅಳೆಯುವುದು ಅವಶ್ಯ. ಕಣ್ಣಿಗೆ ಸರಿಯಾಗಿ ಕಾಣುವ ಕವಾಟವೂ ಈ ಅಳತೆಯಲ್ಲಿ ವಿಫಲವಾಗುವುದುಂಟು.

ಪರೀಕ್ಷೆಯನ್ನು ಕೈಬಿಟ್ಟರೆ ಆಗುವ ಪರಿಣಾಮಕ್ಕೆ ವಿಶ್ವದ ಮಟ್ಟದಲ್ಲಿ ಉದಾಹರಣೆಗಳಿವೆ. ಸೌರಮಾರುತದ ಕಣಗಳನ್ನು ಸಂಗ್ರಹಿಸಿದ್ದ ನಾಸಾ ಸಂಸ್ಥೆಯ ಜೆನೆಸಿಸ್ ಕೋಶವು 2004ರ ಸೆಪ್ಟೆಂಬರ್ 8ರಂದು ಯೂಟಾ ಮರುಭೂಮಿಗೆ ಮರಳಿದಾಗ ಅದರ ಪ್ಯಾರಾಚೂಟ್ ತೆರೆದುಕೊಳ್ಳಲೇ ಇಲ್ಲ. ಗಂಟೆಗೆ 300 ಕಿ.ಮೀ.ಗೂ ಮೀರಿದ ವೇಗದಲ್ಲಿ ಅದು ನೆಲಕ್ಕೆ ಅಪ್ಪಳಿಸಿತು. ಇಳಿಕೆಯ ವೇಗವನ್ನು ಗುರುತಿಸಬೇಕಾಗಿದ್ದ ಪುಟ್ಟ ಸ್ವಿಚ್ಚುಗಳ ದಿಕ್ಕು ನಕ್ಷೆಯಲ್ಲಿಯೇ ತಲೆಕೆಳಗಾಗಿತ್ತು. ಅದನ್ನು ಪತ್ತೆ ಮಾಡಬಹುದಾಗಿದ್ದ ಪರೀಕ್ಷೆಯನ್ನು ನಡೆಸಿರಲಿಲ್ಲ. ಮರುಭೂಮಿಯ ಕೆಸರು ಮೆತ್ತಿದ ಚೂರುಗಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ತೊಳೆದು ಆರಿಸಬೇಕಾಯಿತು. ಅದೇ ಯೂಟಾದಲ್ಲಿ 2023ರ ಸೆಪ್ಟೆಂಬರ್ 24ರಂದು ಬೆನ್ನು ಎಂಬ ಕ್ಷುದ್ರಗ್ರಹದ ಮಾದರಿ ಹೊತ್ತು ಇಳಿದ ಕೋಶದಲ್ಲಿಯೂ ಮೊದಲ ಚಿಕ್ಕ ಪ್ಯಾರಾಚೂಟ್ ಸರಿಯಾದ ಸಮಯಕ್ಕೆ ಕೆಲಸ ಮಾಡಲಿಲ್ಲ. ತಂತಿಗಳಿಗೆ ಬರೆದಿದ್ದ ಹೆಸರಿನ ಗೊಂದಲವೇ ಇದಕ್ಕೆ ಕಾರಣವಿರಬಹುದೆಂದು ನಂತರ ತಿಳಿಸಲಾಯಿತು. ಮುಖ್ಯ ಪ್ಯಾರಾಚೂಟ್ ಗಟ್ಟಿಮುಟ್ಟಾಗಿದ್ದುದರಿಂದ ಮಾದರಿ ಉಳಿಯಿತು. ಎರಡೂ ಕಡೆ ದೋಷವಿದ್ದುದು ದುಬಾರಿ ಯಂತ್ರಭಾಗದಲ್ಲಲ್ಲ, ಜೋಡಣೆಯ ಕಾಗದದಲ್ಲಿ.

ಭಾರತಕ್ಕೆ ಈ ಅನುಭವ ಈಗ ನೇರವಾಗಿ ಸಂಬಂಧಿಸಿದ್ದಾಗಿದೆ. ಚಂದ್ರನ ಮಣ್ಣಿನ ಮಾದರಿಯನ್ನು ಭೂಮಿಗೆ ತರುವ ಚಂದ್ರಯಾನ-4 ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರ್ 18ರಂದು 2104.06 ಕೋಟಿ ರೂಪಾಯಿ ವೆಚ್ಚದಲ್ಲಿ ಅನುಮೋದನೆ ನೀಡಿದೆ. ಇದಕ್ಕೆ ಮುನ್ನ, ಚಂದ್ರಯಾನ-2ರ ವೈಫಲ್ಯದ ನಂತರ ಚಂದ್ರಯಾನ-3ರ ಇಳಿಕೆ ಯಂತ್ರದ ಕಾಲುಗಳನ್ನು ಸೆಕೆಂಡಿಗೆ 3 ಮೀಟರ್ ವೇಗದ ಹೊಡೆತ ತಾಳುವಂತೆ ಬಲಪಡಿಸಿ, ಚಂದ್ರನ ನೆಲವನ್ನು ಹೋಲುವ ಹಾಸಿನ ಮೇಲೆ ಪರೀಕ್ಷಿಸಲಾಗಿತ್ತು. ಇಳಿಕೆಯ ಸಂವೇದಕಗಳ ಪರೀಕ್ಷೆಗಾಗಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಲಾಗಿತ್ತು. 2023ರ ಆಗಸ್ಟ್ 23ರಂದು ಇಳಿಕೆ ಯಶಸ್ವಿಯಾಯಿತು.

ಕಮಲನಗರ ಭಾಗದ ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಕಮಲನಗರವು ಹೈದರಾಬಾದಿನಿಂದ ನೇರ ದೂರದಲ್ಲಿ 160 ಕಿ.ಮೀ.ಗೆ ಸ್ವಲ್ಪ ಹೆಚ್ಚು. ಬಲೂನು ಕೇಂದ್ರದ ಪ್ರಕಟಣೆಗಳ ಪ್ರಕಾರ ಉಪಕರಣಗಳು ವಿಶಾಖಪಟ್ಟಣ, ಹೈದರಾಬಾದ್ ಮತ್ತು ಸೊಲ್ಲಾಪುರಗಳನ್ನು ಸೇರಿಸುವ ರೇಖೆಯ ಆಸುಪಾಸಿನಲ್ಲಿ, 200ರಿಂದ 350 ಕಿ.ಮೀ. ದೂರದವರೆಗೂ ಇಳಿಯಬಹುದು. ಬೀದರ್ ಜಿಲ್ಲೆ ಈ ವಲಯದೊಳಗೆ ಬರುತ್ತದೆ. ಹಾರಾಟಗಳು ಬಹುತೇಕ ಮಳೆಗಾಲದ ನಂತರದಿಂದ ಬೇಸಿಗೆಯವರೆಗೆ, ರಾತ್ರಿ ಅಥವಾ ಬೆಳಗಿನ ಜಾವದಲ್ಲಿ ನಡೆಯುತ್ತವೆ. ಹೊಲದಲ್ಲಿ ತೊಗರಿ, ಕಡಲೆ, ಹಿಂಗಾರಿ ಜೋಳ ನಿಂತಿರುವ ಕಾಲವೂ ಇದೇ ಆಗಿದೆ ಎಂಬುದು ರೈತರ ದೃಷ್ಟಿಯಿಂದ ಮುಖ್ಯ.

ಬಣ್ಣದ ದೊಡ್ಡ ಪ್ಯಾರಾಚೂಟ್ ಹೊಂದಿದ ಪೆಟ್ಟಿಗೆ ಇಳಿಯುವುದು ಅಥವಾ ಬಿದ್ದಿರುವುದು ಕಂಡಲ್ಲಿ ಅದನ್ನು ಮುಟ್ಟದೆ, ಸರಿಸದೆ, ಬಿಚ್ಚದೆ ಹತ್ತಿರದ ಪೊಲೀಸ್ ಠಾಣೆ, ಅಂಚೆ ಕಚೇರಿ ಅಥವಾ ತಾಲ್ಲೂಕು ಆಡಳಿತಕ್ಕೆ ತಿಳಿಸತಕ್ಕದ್ದು. ತುರ್ತು ಸಂಖ್ಯೆ 112ಕ್ಕೂ ಕರೆ ಮಾಡಬಹುದು. ಪೆಟ್ಟಿಗೆಯ ಮೇಲೆ ಬರೆದಿರುವ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ದೂರದಿಂದಲೇ ಓದಿ ಬರೆದುಕೊಳ್ಳುವುದು ಉಪಯುಕ್ತ. ಉಪಕರಣವನ್ನು ಹಾಳುಮಾಡದೆ ಮಾಹಿತಿ ನೀಡಿದವರಿಗೆ ಸೂಕ್ತ ಬಹುಮಾನ ಮತ್ತು ದೂರವಾಣಿ ಮೊದಲಾದ ವೆಚ್ಚ ನೀಡುವುದಾಗಿಯೂ, ಬಿಚ್ಚಿದ್ದಲ್ಲಿ ಬಹುಮಾನ ದೊರೆಯದಿರಬಹುದೆಂದೂ ಕೇಂದ್ರದ ಪ್ರಕಟಣೆಗಳಲ್ಲಿ ಹೇಳಲಾಗಿದೆ. ಈ ನಿರ್ಬಂಧವು ಕೇವಲ ಆಸ್ತಿ ರಕ್ಷಣೆಗಾಗಿ ಅಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ. ಶೀತಲ ದ್ರವವಿರುವ ಸಂಗ್ರಾಹಕದ ಲೋಹಕ್ಕೆ ಬರಿಗೈ ತಗುಲಿದರೆ ಚರ್ಮ ಸುಟ್ಟಂತಾಗುತ್ತದೆ. ಮಾದರಿಯ ಮಟ್ಟಿಗೆ ಹೇಳುವುದಾದರೆ, ಕುತೂಹಲಕ್ಕೆಂದು ಒಂದು ಕವಾಟವನ್ನು ತಿರುಗಿಸಿದರೂ ತಿಂಗಳುಗಟ್ಟಲೆ ನಡೆದ ಎಲ್ಲ ಪರೀಕ್ಷೆಗಳೂ ಆ ಕ್ಷಣದಲ್ಲಿ ನಿರರ್ಥಕವಾಗುತ್ತವೆ. ಕ್ರಿಮಿಶುದ್ಧವಾದ ಕೊಳವೆಗೆ ಮನುಷ್ಯನ ಬೆರಳಿನಷ್ಟು ಮಲಿನವಾದ ವಸ್ತು ಬೇರೊಂದಿಲ್ಲ.

ಬಲೂನಿನ ಹಾಳೆಯು ಸಾಮಾನ್ಯವಾಗಿ ಪೆಟ್ಟಿಗೆಯಿಂದ ಪ್ರತ್ಯೇಕವಾಗಿ ಬೇರೆಡೆ ಬೀಳುತ್ತದೆ. ಅದರಲ್ಲಿ ತುಂಬಲಾಗುವುದು ಸುಲಭವಾಗಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವಾದ್ದರಿಂದ ಬಳಿಯಲ್ಲಿ ಬೀಡಿ, ಬೆಂಕಿ ಕಡ್ಡಿ ಹಚ್ಚಬಾರದು. ಬಣವೆಗೆ ಹೊದಿಸಲು ಉಪಯೋಗವಾಗಬಹುದೆಂದು ಹಾಳೆಯನ್ನು ಕತ್ತರಿಸಿ ಒಯ್ಯುವುದು ತರವಲ್ಲ; ಹೊಲದಲ್ಲಿ ಉಳಿದ ಚೂರುಗಳನ್ನು ದನಕರುಗಳು ತಿನ್ನುವ ಅಪಾಯವೂ ಇದೆ.

ಮನೆ ಅಥವಾ ಬೆಳೆಗೆ ಹಾನಿಯಾದ ಪಕ್ಷದಲ್ಲಿ ಏನು ಮಾಡಬೇಕೆಂಬುದು ಸಾರ್ವಜನಿಕರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆಯಾಗಿದೆ. ಹೊಲದ ಹಾನಿಯು ಬಹುಪಾಲು ಪೆಟ್ಟಿಗೆಯಿಂದಲ್ಲ, ಅದನ್ನು ನೋಡಲು ಬರುವ ಜನಸಂದಣಿಯಿಂದ ಆಗುವಂತಹದು. ಪೆಟ್ಟಿಗೆಯನ್ನು ಸಾಗಿಸುವ ವಾಹನವೂ ಬೆಳೆಯ ನಡುವೆಯೇ ಬರಬೇಕಾಗುತ್ತದೆ. ಆದುದರಿಂದ ಹೊಲದ ಮಾಲೀಕರು ಪೊಲೀಸರು ಸ್ಥಳದಲ್ಲಿರುವಾಗಲೇ ಹಾನಿಯ ಪಂಚನಾಮೆ ಮಾಡಿಸಿಕೊಳ್ಳುವುದು, ಉಪಕರಣವನ್ನು ತೆಗೆಯುವ ಮೊದಲೇ ಛಾಯಾಚಿತ್ರ ತೆಗೆದಿಡುವುದು ಸೂಕ್ತ. ಆ ಬಳಿಕ ಸಾದಾ ಕಾಗದದ ಮೇಲೆ ದಿನಾಂಕ, ಸಮಯ, ಸರ್ವೆ ನಂಬರು ಮತ್ತು ಹಾನಿಯ ವಿವರ ಬರೆದು, ಪಹಣಿ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಮನವಿಯ ಪ್ರತಿಯೊಂದನ್ನು ಪೆಟ್ಟಿಗೆಯ ಮೇಲಿನ ವಿಳಾಸಕ್ಕೂ ನೋಂದಾಯಿತ ಅಂಚೆಯಲ್ಲಿ ಕಳುಹಿಸಬಹುದು. ಬಹುಮಾನವೇ ಬೇರೆ, ನಷ್ಟದ ಕೋರಿಕೆಯೇ ಬೇರೆ. ಒಂದನ್ನು ಸ್ವೀಕರಿಸಿದ ಮಾತ್ರಕ್ಕೆ ಇನ್ನೊಂದನ್ನು ಕೇಳಬಾರದೆಂದು ಭಾವಿಸಬೇಕಾಗಿಲ್ಲ.

ಜಲಸಂಗಿಯಲ್ಲಿ ಆತಂಕ ಉಂಟಾದದ್ದು ಮುನ್ಸೂಚನೆಯು ಮನೆಮನೆಗೆ ತಲುಪಿರದ ಕಾರಣದಿಂದ ಎಂಬುದು ಸ್ಪಷ್ಟ. ಹಾರಾಟದ ಹಂಗಾಮು ಆರಂಭವಾಗುವ ಮೊದಲು ಹೊರಡುವ ಪ್ರಕಟಣೆಯು ಜಿಲ್ಲಾ ಕೇಂದ್ರದ ಫಲಕದಲ್ಲಿಯೇ ಉಳಿದರೆ ಪ್ರಯೋಜನವಿಲ್ಲ. ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿರುವ ಕಮಲನಗರ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಕನ್ನಡದ ಜೊತೆಗೆ ಮರಾಠಿ ಮತ್ತು ಉರ್ದು ಮಾತನಾಡುವವರ ಸಂಖ್ಯೆಯೂ ದೊಡ್ಡದಿದೆ. ಮೂರೂ ಭಾಷೆಗಳಲ್ಲಿ ಗ್ರಾಮ ಪಂಚಾಯಿತಿ ಫಲಕ, ನ್ಯಾಯಬೆಲೆ ಅಂಗಡಿ, ಶಾಲೆ ಹಾಗೂ ಡಂಗುರದ ಮೂಲಕ ಈ ಸೂಚನೆ ತಲುಪುವುದು ಅಗತ್ಯವಾಗಿದೆ. ನಾಡಕಚೇರಿಗೆ ಅಥವಾ ಗ್ರಾಮ ಪಂಚಾಯಿತಿಗೆ ಬೇರೆ ಸೇವೆಗಾಗಿ ಅರ್ಜಿ ಸಲ್ಲಿಸಲು ಬರುವ ಸಾರ್ವಜನಿಕರು ಆ ವರ್ಷದ ಹಾರಾಟದ ಪ್ರಕಟಣೆ ಬಂದಿದೆಯೇ ಎಂದು ಅಲ್ಲಿಯೇ ವಿಚಾರಿಸಬಹುದಾಗಿದೆ.